ಬಾಬುರಾವ್ ಸರ್ ಮಾಡೆಲ್ ಆಗಿ ಕುಳಿತ ಬೇಸಿಗೆ

ಕಮಲಾಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಒಂದು ಎಣ್ಣೆ ಗಾಣವಿದೆ. ತಿಂಗಳಿಗೊಮ್ಮೆ ಅಲ್ಲಿಂದ ಕುಸುಬಿ ಎಣ್ಣೆ ಒಯ್ಯುತ್ತೇನೆ. ಕಳೆದ ಸಲ ಹೋದಾಗ ಗಾಣದವನು ಅಗಸೆ ಹಾಕಿದ್ದ. ನಮ್ಮ ಭಾಗದವರಿಗೆ ಅಗಸೆ ಎಂದರೆ ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿ. ವಾಸನೆ ಬಂದರೆ ಹಸಿವಾಗಬೇಕು. ನನಗೆ ಹಾಗಾಗುವುದಿಲ್ಲ. ಅಗಸೆ ಎಣ್ಣೆಯಲ್ಲಿ ನಾನು ಐದು ವರ್ಷ ಬಣ್ಣ ಕಲಸಿದ್ದೇನೆ. ಕ್ಯಾನು ಕೆಳಗಿಟ್ಟು ಹೊರಗೆ ಬಂದು ಗೋಡೆಗೆ ಒರಗಿ ನಿಂತೆ.

"ಏನಾತ್ರೀ ಟೀಚರ್, ಚಕ್ಕರ್ ಬಂತೇನು?" ಎಂದು ಗಾಣದವನು ಕೇಳಿದ.

"ಬಿಸಲು" ಎಂದೆ. ಆಗ ಜನವರಿ. ಅವನು ಒಮ್ಮೆ ಆಕಾಶ ನೋಡಿ ಗಾಣದ ಕಡೆ ಮರಳಿದ.

ನಿಜ ಹೇಳಬೇಕೆಂದರೆ ನನಗೆ ಏನೂ ಆಗಿರಲಿಲ್ಲ. ಎದೆ ಹೊಡೆದುಕೊಳ್ಳಲಿಲ್ಲ, ಕಣ್ಣು ತುಂಬಲಿಲ್ಲ. ಹನ್ನೊಂದು ವರ್ಷದಿಂದ ಆ ಬೇಸಿಗೆಯ ಮಾತು ಬಂದಾಗಲೆಲ್ಲ ಹೀಗೆಯೇ. ಯಾರದೋ ಮನೆಯ ಸುದ್ದಿ ಕೇಳಿದ ಹಾಗೆ ಕೇಳುತ್ತೇನೆ, ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ ಹೇಳುತ್ತೇನೆ. ಆದರೆ ಅವತ್ತು ಎಣ್ಣೆ ಕೊಳ್ಳದೆ ನೇರ ಸಿದ್ಧಾರ್ಥನ ಅಂಗಡಿಗೆ ನಡೆದೆ. ಸಿದ್ಧಾರ್ಥ ನನ್ನ ಜೊತೆ ಚಿತ್ರಕಲೆ ಕಲಿತವನು, ಕಮಲಾಪುರದವನೇ. ಈಗ ಫ್ಲೆಕ್ಸ್ ಬ್ಯಾನರ್ ಮಾಡುತ್ತಾನೆ. ಅವನ ಅಂಗಡಿಯ ಅಟ್ಟದ ಮೇಲೆ ಬಟ್ಟೆ ಸುತ್ತಿದ ಮೂರು ಕ್ಯಾನ್ವಾಸುಗಳಿದ್ದವು. ನಾನು ಈ ಊರಿನ ಹೈಸ್ಕೂಲಿಗೆ ಡ್ರಾಯಿಂಗ್ ಟೀಚರಾಗಿ ಬಂದು ನಾಲ್ಕು ವರ್ಷವಾಯಿತು. ಅವನು ತೋರಿಸುತ್ತೇನೆ ಅಂದಿರಲಿಲ್ಲ, ನಾನು ತೋರಿಸು ಅಂದಿರಲಿಲ್ಲ. ಅವತ್ತು "ಕೆಳಗ ಇಳಸು" ಎಂದೆ.

ಅದೇನೆಂದು ತಿಳಿಯಬೇಕಾದರೆ ನಮ್ಮ ಶಾಲೆಯ ಕೊನೆಯ ವರ್ಷದ ಕಥೆ ಹೇಳಬೇಕು.

ಶಾಲೆ ಎಂದರೆ ದೊಡ್ಡದೇನೂ ಕಲ್ಪಿಸಿಕೊಳ್ಳಬೇಡಿ. ಕಲಬುರಗಿಯಲ್ಲಿ, ಐವಾನ್-ಎ-ಶಾಹಿ ಕಡೆ ಹೋಗುವ ರಸ್ತೆಯಲ್ಲಿ ಒಂದು ಹಳೆಯ ಬಾಡಿಗೆ ಮನೆ. ಮುಂದೆ ಬೇವಿನ ಮರ, ಒಳಗೆ ಒಂದು ಉದ್ದನೆಯ ಹಜಾರ, ಪಕ್ಕದಲ್ಲಿ ಆಫೀಸು ಎಂದು ಕರೆಯಲಾಗುತ್ತಿದ್ದ ಕೋಣೆ, ಹಿಂದೆ ಯಾವ ಕಾಲದಲ್ಲೋ ಟಾಂಗಾ ನಿಲ್ಲಿಸುತ್ತಿದ್ದ ಒಂದು ಕೊಟ್ಟಿಗೆ. ಚಿತ್ರ ಕಲಿತು ಊರಿಗೆ ಮರಳಿದ ಮೂವರು ಗೆಳೆಯರು ಸೇರಿ ಅದನ್ನು ಶುರು ಮಾಡಿದ್ದರಂತೆ. ಒಬ್ಬರು ಸಿನಿಮಾ ಬೋರ್ಡು ಬರೆಯಲು ಹೈದರಾಬಾದಿಗೆ ಹೋಗಿ ಅಲ್ಲೇ ಉಳಿದರು, ಇನ್ನೊಬ್ಬರು ತೀರಿಕೊಂಡರು. ಉಳಿದವರು ಬಾಬುರಾವ್ ಸರ್. ಪ್ರಿನ್ಸಿಪಾಲರೂ ಅವರೇ, ಮೇಷ್ಟ್ರೂ ಅವರೇ, ಗುಮಾಸ್ತರೂ ಅವರೇ. ಗಂಟೆ ಹೊಡೆಯುವವರು ಬೇರೆ ಇರಲಿಲ್ಲವಾದ್ದರಿಂದ ಗಂಟೆಯೂ ಅವರೇ. "ಬಿಡ್ರಿ" ಎಂದು ಅವರು ಕೂಗಿದರೆ ಕ್ಲಾಸು ಬಿಟ್ಟಿತು ಎಂದು ಅರ್ಥ.

ಸರ್ಕಾರ ಡ್ರಾಯಿಂಗ್ ಮಾಸ್ತರರನ್ನು ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ ಸೇಡಂ, ಆಳಂದ, ಚಿಂಚೋಳಿ, ಬೀದರ್ ಕಡೆಯಿಂದೆಲ್ಲ ಬಂದು ಕಲಿತರು. ಊಟದ ಡಬ್ಬಿ ಬಸ್ಸಿನಲ್ಲಿ ಬರುತ್ತಿತ್ತು. ಹಜಾರದಲ್ಲಿ ಜಾಗ ಸಾಲದೆ ಕೊಟ್ಟಿಗೆಯಲ್ಲಿ ಕುಳಿತು ಬರೆದವರೂ ಇದ್ದರು. ಆಮೇಲೆ ನೇಮಕಾತಿ ನಿಂತಿತು. ನೇಮಕಾತಿ ನಿಂತ ಮೇಲೆ ಚಿತ್ರ ಕಲಿಯುವ ಹಂಬಲ ಎಷ್ಟು ಜನರಿಗೆ ಉಳಿದಿತ್ತು ಎಂಬುದು ಆಮೇಲಾಮೇಲೆ ಗೊತ್ತಾಯಿತು. ನಾನು ಸೇರಿದಾಗ ಹಜಾರದಲ್ಲಿ ಹನ್ನೊಂದು ಜನರಿದ್ದೆವು. ಕೊನೆಯ ವರ್ಷಕ್ಕೆ ಬಂದಾಗ ಮೂವರು. ನಮ್ಮ ಹಿಂದೆ ಯಾರೂ ಇರಲಿಲ್ಲ.

ಶಾಲೆಗೆ ದಾಖಲೆ ಪುಸ್ತಕ ಇತ್ತೋ ಇಲ್ಲವೋ, ಇತಿಹಾಸವಂತೂ ಇತ್ತು. ಅದು ಹುಸೇನ್ ಚಾಚಾನ ಮುಖ. ಚಾಚಾ ಸೂಪರ್ ಮಾರ್ಕೆಟ್ ಎನ್ನುವ ಪೇಟೆಯಲ್ಲಿ ನಿಂಬೆಹಣ್ಣು ಮಾರುತ್ತಿದ್ದ ಮುದುಕ. ದೊಡ್ಡ ಗಡ್ಡ, ಅದಕ್ಕಿಂತ ದೊಡ್ಡ ರುಮಾಲು. ಪ್ರತಿ ವರ್ಷ ಭಾವಚಿತ್ರದ ಪರೀಕ್ಷೆಗೆ ಅವನೇ ಮಾಡೆಲ್ ಆಗಿ ಕೂರುತ್ತಿದ್ದ. ಪ್ರತಿ ತಂಡದಲ್ಲಿ ಚೆನ್ನಾಗಿ ಬಂದ ಒಂದು ಚಿತ್ರವನ್ನು ಸರ್ ಹಜಾರದಲ್ಲಿ ತೂಗುಹಾಕುತ್ತಿದ್ದರು. ಬಾಗಿಲ ಪಕ್ಕದ ಮೊದಲ ಚಿತ್ರದಲ್ಲಿ ಅವನ ಗಡ್ಡ ಪೂರಾ ಕಪ್ಪು. ಗೋಡೆಯುದ್ದಕ್ಕೂ ನಡೆಯುತ್ತ ಹೋದರೆ ಅದು ಬೆಳ್ಳಗಾಗುತ್ತ, ಕೆನ್ನೆ ಒಳಗೆ ಹೋಗುತ್ತ, ಆಚೆ ಕಿಟಕಿಯ ಹೊತ್ತಿಗೆ ಹಲ್ಲು ಬಿದ್ದಿರುತ್ತಿದ್ದವು. ಹೊಸಬರು ಬಂದರೆ ಚಾಚಾನನ್ನು ಮುದುಕನನ್ನಾಗಿ ಮಾಡಿದ್ದು ನಾವೇ ಎಂದು ತಮಾಷೆ ಮಾಡುತ್ತಿದ್ದೆವು.

ಆ ವರ್ಷದ ಮೂವರೆಂದರೆ ಸಿದ್ಧಾರ್ಥ, ಕವಿತಾ, ನಾನು. ಕವಿತಾ ಜೇವರ್ಗಿ ಕಾಲೋನಿಯ ನೌಕರರ ಮನೆಯವಳು. ಮಾತು ಕಡಿಮೆ, ಗೆರೆ ಅಚ್ಚುಕಟ್ಟು. ನನ್ನ ಅಬ್ಬಾ ದರ್ಜಿ. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದನ್ನು ನೋಡಿ ನೋಡಿಯೇ ನನಗೆ ಚಿತ್ರದ ಹುಚ್ಚು ಹಿಡಿದದ್ದು. ಸಿದ್ಧಾರ್ಥ ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ. ವಸ್ತುಚಿತ್ರದ ದಿನ ಅವರೂರಿನ ಕೆಂಪು ಬಾಳೆಹಣ್ಣು ತರುವ ಹೊಣೆ ಅವನದು. ಸರ್ ಆ ಕಡೆ ತಿರುಗಿದಾಗ ಒಂದೊಂದು ಹಣ್ಣು ಕಡಿಮೆಯಾಗುತ್ತಿತ್ತು. "ನಸ್ರೀನ, ನಿನ್ನ ಚಿತ್ರದಾಗ ಐದು ಹಣ್ಣು ಅವ, ಮ್ಯಾಜಿನ ಮ್ಯಾಲ ಮೂರು ಅವ. ಯಾವದು ತಪ್ಪು?" ಎಂದು ಸರ್ ಕೇಳುತ್ತಿದ್ದರು. ಉತ್ತರ ನಮಗೆ ಬಾಯಿಪಾಠ. ಚಿತ್ರ ತಪ್ಪು.

ಅದು ಅವರ ಒಂದೇ ಪಾಠ. ಮೊದಲ ದಿನವೂ ಅದೇ, ಐದನೆಯ ವರ್ಷವೂ ಅದೇ. "ಎದುರಿಗಿದ್ದದ್ದು ಎಂದೂ ತಪ್ಪಾಗಂಗಿಲ್ಲ. ಎದುರಿಗಿದ್ದದ್ದೂ ನಿಮ್ಮದೂ ಹೊಂದಲಿಲ್ಲಂದ್ರ ನಿಮ್ಮದರಾಗ ತಪ್ಪಾಗ್ಯದ. ಅಳಸ್ರಿ, ತಿದ್ರಿ." ಮಾಡೆಲ್ ಕೂತಾಗ ಮಾತನಾಡುವಂತಿಲ್ಲ. ಮಾಡೆಲ್ ಕೂಡ ಅಲುಗಾಡುವಂತಿಲ್ಲ. ಮಾಡೆಲ್ ಕೂರಲೆಂದು ಹಾಕಿದ ಎತ್ತರದ ಹಲಗೆಯ ಮೇಲೆ ಚಾಚಾನ ಪಾದದ ಸುತ್ತ ಸೀಮೆಸುಣ್ಣದಿಂದ ಗುರುತು ಹಾಕಿ, ನಡುವೆ ಎದ್ದು ಹೋದರೂ ಮರಳಿ ಅದೇ ಗುರುತಿನಲ್ಲಿ ಕೂರಿಸುತ್ತಿದ್ದರು. ಕೈ ಜಾರಿದರೆ ನಾವು "ಕೈ ರೀ ಚಾಚಾ" ಎನ್ನುತ್ತಿದ್ದೆವು. ಅಷ್ಟು ಮಾತಿಗೆ ಮಾತ್ರ ಪರವಾನಗಿ. ಚಾಚಾ ಮುಖ ತಿರುಗಿಸದೆ ಕೈ ಎತ್ತಿ ಇದ್ದಲ್ಲಿ ಇಡುತ್ತಿದ್ದ.

ಆ ವರ್ಷ ಮಾರ್ಚಿನಲ್ಲಿ ಮೇಲಿನಿಂದ ಪತ್ರ ಬಂತು. ಸಾಕಷ್ಟು ವಿದ್ಯಾರ್ಥಿಗಳಿಲ್ಲದ ಶಾಲೆಗಳ ಮಾನ್ಯತೆ ರದ್ದು ಮಾಡುವ ವಿಷಯ. ಸರ್ ಅದನ್ನು ನಮಗೂ ಓದಿ ಹೇಳಿದರು, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ನೋಡ್ರಿ, ಮೂರೂ ಮಂದಿ ಫಸ್ಟ್ ಕ್ಲಾಸಿನ್ಯಾಗ ಬಂದ್ರ ನಾ ಖುದ್ದ ಹೋಗಿ ಮಾತಾಡ್ತೀನಿ. ನಿಮ್ಮ ಚಿತ್ರಾ ತಗೊಂಡೇ ಹೋಗ್ತೀನಿ. ಇಂಥಾ ಕೆಲಸ ಆಗೋ ಸಾಲಿ ಹೆಂಗ ಮುಚ್ತೀರಿ ಅಂತ ಕೇಳ್ತೀನಿ." ಹಾಗೆ ಕೇಳಿದರೆ ಯಾರಾದರೂ ಉತ್ತರ ಕೊಡುತ್ತಾರೆ ಎಂದು ಅವರು ನಂಬಿದ್ದರು. ನಾವೂ ನಂಬಿದ್ದೆವು.

ಪರೀಕ್ಷೆ ಮೇ ತಿಂಗಳಲ್ಲಿ. ಕಲಬುರಗಿಯ ಮೇ ತಿಂಗಳನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ಒಂಬತ್ತಕ್ಕೇ ಹಜಾರದ ಫರ್ಸಿಕಲ್ಲು ಕಾಲಿಗೆ ಬಿಸಿ ಹತ್ತುತ್ತಿತ್ತು. ಕ್ಯಾನ್ವಾಸಿನ ಮೇಲಿನ ಬಣ್ಣಕ್ಕಿಂತ ನಮ್ಮ ಹಣೆಯ ಬೆವರು ಹೆಚ್ಚು ಹೊಳೆಯುತ್ತಿತ್ತು. ಹೊರ ಊರಿನಿಂದ ಬಂದ ಪರೀಕ್ಷಕರು ಒಳ್ಳೆಯ ಮನುಷ್ಯ, ಆದರೆ ಈ ಬಿಸಿಲಿಗೆ ಹೊಸಬರು. ಬಂದವರೇ ಆಫೀಸಿನ ಕೂಲರಿನ ಮುಂದೆ ಕುಳಿತರು, ಮುಖ ಒರೆಸಿಕೊಂಡರು, ಅಲ್ಲಿಂದ ಏಳಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಆ ದಿನಗಳಲ್ಲಿ ಕೂಲರ್ ಬಿಟ್ಟು ಏಳುವವರು ಕಡಿಮೆ.

ಭಾವಚಿತ್ರಕ್ಕೆ ಎರಡು ದಿನ. ಮೊದಲ ದಿನ ಇದ್ದಿಲಿನಲ್ಲಿ ರೇಖೆ, ತೆಳ್ಳಗೆ ಒಂದು ಬಣ್ಣ. ಎರಡನೆಯ ದಿನ ಎಣ್ಣೆ ಬಣ್ಣದಲ್ಲಿ ಪೂರ್ತಿ ಮಾಡಬೇಕು. ಮೊದಲ ದಿನ ಬೆಳಿಗ್ಗೆ ಹುಸೇನ್ ಚಾಚಾ ಬರಲಿಲ್ಲ. ಕಣ್ಣಿನ ಆಪರೇಷನ್ನಿಗೆ ಮಗಳು ಹೈದರಾಬಾದಿಗೆ ಕರೆದುಕೊಂಡು ಹೋಗಿದ್ದಳು. ಅವನು ಹೇಳಿ ಕಳುಹಿಸಿದ್ದ, ನಮಗೆ ಮುಟ್ಟಿರಲಿಲ್ಲ. ಸರ್ ಬೇವಿನ ಮರದ ಕೆಳಗೆ ನಿಂತು ರಸ್ತೆಯ ಎರಡೂ ಕಡೆ ನೋಡಿದರು. ಆಮೇಲೆ ಒಳಗೆ ಹೋಗಿ ಪರೀಕ್ಷಕರ ಒಪ್ಪಿಗೆ ಕೇಳಿ ಬಂದು, ಹಲಗೆ ಹತ್ತಿ ಕುರ್ಚಿಯ ಮೇಲೆ ಕುಳಿತರು.

"ನಾನೇ ಕುಂದರ್ತೀನಿ. ಸಿದ್ಧಾರ್ಥ, ಕಾಲಿಗೆ ಸೀಮೆಸುಣ್ಣ ಹಾಕು."

ಸಿದ್ಧಾರ್ಥ ಮೊಣಕಾಲೂರಿ ಸರ್ ಪಾದಗಳ ಸುತ್ತ ಗೆರೆ ಎಳೆದ. ನಮಗೆ ನಗು ತಡೆಯಲಾಗಲಿಲ್ಲ. ಮೂವತ್ತು ವರ್ಷ ಬೇರೆಯವರನ್ನು ಅಲುಗಾಡದಂತೆ ಕೂರಿಸಿದವರು ಈಗ ಸಿಕ್ಕಿಬಿದ್ದಿದ್ದರು. ಮೊದಲ ದಿನ ನನ್ನ ರೇಖೆ ಚೆನ್ನಾಗಿ ಬಂತು. ಅದರಲ್ಲೂ ಬಾಯಿ. ಸರ್ ತುಟಿ ಒತ್ತಿ ಹಿಡಿಯುತ್ತಿದ್ದರು, ಬೈಗುಳವೊಂದನ್ನು ಒಳಗೇ ಇಟ್ಟುಕೊಂಡವರಂತೆ. ಅದು ನನಗೆ ಸಿಕ್ಕಿತ್ತು.

ಎರಡನೆಯ ದಿನ ಕೂರುವ ಮೊದಲ ಸರದಿ ಮುಗಿದಾಗ ಸರ್ "ಬಿಡ್ರಿ" ಎಂದು ಎದ್ದರು. ನೀರು ಕುಡಿದರು. ಬಲಗೈಯನ್ನು ಎರಡು ಸಲ ಝಾಡಿಸಿದರು. "ಕೈ ಜೋಮ್ ಹಿಡದದ. ಚಾಚಾಗ ಇಷ್ಟು ವರ್ಷ ಎಷ್ಟು ತಕಲೀಫ್ ಕೊಟ್ಟೀನಿ ನೋಡ್ರಿ" ಎಂದರು. ಸಿದ್ಧಾರ್ಥ, "ಚಾಚಾ ಬಂದ ಮ್ಯಾಲ ಹೇಳ್ತೀವಿ ತಗೋರಿ ಸರ್" ಎಂದ. ಎಲ್ಲರೂ ನಕ್ಕೆವು. ಸರ್ ಕೈ ತಿಕ್ಕಿಕೊಳ್ಳುತ್ತಲೇ ಹೋಗಿ ಗುರುತಿನೊಳಗೆ ಕಾಲಿಟ್ಟು ಕುಳಿತರು.

ಅಲ್ಲಿಂದ ಮುಂದಿನದನ್ನು ನಾನು ಕ್ರಮವಾಗಿ ಹೇಳಬಲ್ಲೆ. ಪ್ರತಿಯೊಂದೂ ನೆನಪಿದೆ.

ಕೆನ್ನೆಗೆ ಬಣ್ಣ ಹಾಕಿ ಬಾಯಿಗೆ ಬಂದೆ. ನಿನ್ನೆಯ ರೇಖೆಗೂ ಎದುರಿನ ಬಾಯಿಗೂ ಹೊಂದಲಿಲ್ಲ. ಬಾಯಿಯ ಒಂದು ಮೂಲೆ ನನ್ನ ರೇಖೆಗಿಂತ ಕೆಳಗಿತ್ತು. ನಿನ್ನೆ ಎಷ್ಟು ಚೆನ್ನಾಗಿ ಬಂದಿದೆ ಎಂದುಕೊಂಡಿದ್ದೆನಲ್ಲ, ಆ ಸೊಕ್ಕಿಗೆ ನಾಚಿಕೆಯಾಯಿತು. ಬಟ್ಟೆಯನ್ನು ಅಗಸೆ ಎಣ್ಣೆಯಲ್ಲಿ ಅದ್ದಿ ಆ ಮೂಲೆ ಒರೆಸಿದೆ, ಕೆಳಗೆ ತಂದೆ. ಸ್ವಲ್ಪ ಹೊತ್ತಿಗೆ ಮತ್ತೆ ನೋಡಿದರೆ ಇನ್ನೂ ಕೆಳಗಿದೆ. ಮತ್ತೆ ಒರೆಸಿದೆ. ಕಣ್ಣಿನ ರೆಪ್ಪೆಯೂ ಆ ಕಡೆ ಇಳಿದಂತಿತ್ತು. ಅದನ್ನೂ ಇಳಿಸಿದೆ. ಪಕ್ಕದಲ್ಲಿ ಕವಿತಾ ಕೂಡ ಏನೋ ಒರೆಸುತ್ತಿದ್ದಳು. ಅವಳೂ ತಪ್ಪಿದ್ದಾಳಲ್ಲ ಎಂದು ಒಂದು ಕ್ಷಣ ಸಮಾಧಾನವಾಯಿತು. ಅದನ್ನೂ ಹೇಳಿಬಿಡುತ್ತೇನೆ.

ಆಮೇಲೆ ಸರ್ ಬಲಗೈ ತೊಡೆಯ ಮೇಲಿಂದ ಜಾರಿ ಕುರ್ಚಿಯ ಪಕ್ಕಕ್ಕೆ ಇಳಿಬಿತ್ತು.

"ಸರ್, ಕೈ ರೀ" ಎಂದೆ.

ಅವರು ಕೈ ಎತ್ತಲಿಲ್ಲ. ನನ್ನ ಕಡೆ ನೋಡಿದರು ಅನ್ನಿಸಿತು. ಪರೀಕ್ಷೆಯಲ್ಲಿ ಬಾಯಿ ಬಿಟ್ಟೆನೆಂದು ಸಿಟ್ಟಾಗಿದ್ದಾರೆ ಎಂದು ಹೆದರಿ ತಲೆ ತಗ್ಗಿಸಿದೆ. ಕೈ ಇದ್ದಲ್ಲಿ ಇಲ್ಲದಿದ್ದರೆ ಚಿತ್ರದಲ್ಲಿ ತಿದ್ದಬೇಕು. ತೊಡೆಯ ಮೇಲಿದ್ದ ಕೈಯನ್ನು ಒರೆಸಿ, ಇಳಿಬಿದ್ದ ಕೈ ಬರೆಯಲು ಶುರು ಮಾಡಿದೆ. ಸರದಿ ಮುಗಿಯುವ ಹೊತ್ತು ಯಾವಾಗಲೋ ದಾಟಿತ್ತು. ಆದರೆ "ಬಿಡ್ರಿ" ಎನ್ನಬೇಕಾದವರು ಅವರೇ. ಅವರು ಅನ್ನಲಿಲ್ಲವಲ್ಲ, ನಮ್ಮ ಮೇಲಿನ ಪ್ರೀತಿಗೆ ಹೆಚ್ಚು ಸಮಯ ಕೊಡುತ್ತಿದ್ದಾರೆ ಎಂದು ನಾವು ಮೂವರೂ ತಿಳಿದೆವು. ಕುಂಚಗಳು ಓಡುತ್ತಿದ್ದವು. ಇಡೀ ಹಜಾರದಲ್ಲಿ ಬೇರೆ ಸದ್ದಿರಲಿಲ್ಲ.

ಚಹಾ ತಂದವಳು ಶರಣಮ್ಮ. ಶಾಲೆಯ ಕಸ ಹೊಡೆದು ನೀರು ತುಂಬುವ ಹೆಂಗಸು. ಚಿತ್ರ ಎಂದರೆ ಅವಳಿಗೆ ಕ್ಯಾಲೆಂಡರ್. ಅವಳು ಬಾಗಿಲಲ್ಲಿ ಕಾಲಿಟ್ಟವಳೇ ತಾಟು ಕೆಳಗೆ ಬಿಟ್ಟಳು.

"ಯವ್ವಾ! ಸರ್ ಬಾಯಿ ಹಿಂಗ್ಯಾಕ ಆಗ್ಯದ? ಕಣ್ಣು ಕಿತ್ಗೊಂಡು ನೋಡ್ಲಿಕತ್ತೀರಲ್ಲ, ಕಾಣಸಂಗಿಲ್ಲೇನು ನಿಮಗ?"

ಐದು ವರ್ಷ ನೋಡುವುದನ್ನೇ ಕಲಿತ ಮೂವರು ಅಲ್ಲಿದ್ದೆವು. ಕಂಡದ್ದು ಅವಳಿಗೆ.

ಆಟೋದಲ್ಲಿ ಸರ್ ನನ್ನ ಮತ್ತು ಸಿದ್ಧಾರ್ಥನ ನಡುವೆ, ಕವಿತಾ ಮುಂದೆ. ಅವರ ತಲೆ ನನ್ನ ಭುಜದ ಮೇಲಿತ್ತು. ನನ್ನ ಕೈಯ ಬಣ್ಣ ಅವರ ಬಿಳಿ ಅಂಗಿಗೆ ಹತ್ತಿತ್ತು. ಅದು ಅವರದೇ ಕೆನ್ನೆಗೆಂದು ಕಲಸಿದ ಬಣ್ಣ. ದವಾಖಾನೆಯಲ್ಲಿ ಡಾಕ್ಟರು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡುತ್ತ ಕೇಳಿದರು, "ಯಾವಾಗ ಸುರು ಆಯ್ತು ಇದು?"

ಕವಿತಾ ನೆಲ ನೋಡಿದಳು. ಸಿದ್ಧಾರ್ಥ ನನ್ನ ಮುಖ ನೋಡಿದ. ಆಮೇಲೆ ಅವನೇ, "ಈಗ ರೀ" ಎಂದ.

"ಈಗ ಅಂದ್ರ?"

"ಈಗೇ ರೀ. ಆದ ಕೂಡ್ಲೆ ಕರಕೊಂಡು ಬಂದೀವಿ."

ಒಂದು ಗಂಟೆಗೂ ಮೇಲಾಗಿತ್ತು. ಎಷ್ಟು ಹೊತ್ತಿಗೆ ತುಟಿ ಜಾರಿತು, ಎಷ್ಟು ಹೊತ್ತಿಗೆ ರೆಪ್ಪೆ ಇಳಿಯಿತು, ಎಷ್ಟು ಹೊತ್ತಿಗೆ ಕೈ ಬಿತ್ತು ಎಂದು ನಾನು ಒಂದೊಂದಾಗಿ ಹೇಳಬಲ್ಲವಳಾಗಿದ್ದೆ. ಹೇಳಲಿಲ್ಲ. ಡಾಕ್ಟರು ಬರೆದುಕೊಂಡರು. ಹೇಳಿದ್ದರೆ ಬೇರೆ ಏನಾದರೂ ಆಗುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಿ ತಿಳಿದುಕೊಳ್ಳುವ ಧೈರ್ಯವೂ ಬರಲಿಲ್ಲ.

ಪರೀಕ್ಷಕರು ಬಿಸಿಲಿನಲ್ಲೇ ದವಾಖಾನೆಗೆ ಬಂದರು. ನಮ್ಮ ವರ್ಷ ಹಾಳಾಗಬಾರದು, ಆದಷ್ಟಕ್ಕೇ ಹೆಸರು ತಾರೀಖು ಹಾಕಿ ಕೊಡಿ ಎಂದರು. ಸಂಜೆ ಶಾಲೆಗೆ ಹೋಗಿ ಮೂವರೂ ಕ್ಯಾನ್ವಾಸಿನ ಹಿಂದೆ ಹೆಸರು ಬರೆದೆವು. ಕುರ್ಚಿ ಹಾಗೆಯೇ ಇತ್ತು. ಮನೆಗೆ ಬಂದಾಗ ಅಬ್ಬಾ ಹೊಲಿಗೆ ಮಷಿನ್ ನಿಲ್ಲಿಸಿ, "ರೋ ಲೇ ಬೇಟಿ, ದಿಲ್ ಹಲಕಾ ಹೋತಾ" ಎಂದರು. ಅತ್ತುಬಿಡು, ಹಗುರಾಗುತ್ತದೆ ಎಂದು. ನಾನು ಕುಳಿತು ಪ್ರಯತ್ನಪಟ್ಟೆ. ಅಳು ಬರಲಿಲ್ಲ. ಅನ್ನ ಸಾರು ಉಂಡೆ, ಮಲಗಿದೆ, ನಿದ್ದೆಯೂ ಬಂತು. ಅದು ನನಗೆ ವಿಚಿತ್ರ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಸರ್ ಬದುಕಿದರು. ಬಲಭಾಗ ಪೂರ್ತಿ ಹೋಯಿತು, ಮಾತೂ ಹೋಯಿತು. ಫಲಿತಾಂಶ ಬಂದಾಗ ಮೂವರಿಗೂ ಫಸ್ಟ್ ಕ್ಲಾಸು. ಭಾವಚಿತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ನನಗೆ. ಆ ಅಂಕಪಟ್ಟಿ ಹಿಡಿದು ಮಾನ್ಯತೆ ಉಳಿಸಿ ಎಂದು ಕೇಳಲು ಹೋಗಬೇಕಾದವರು ಹಾಸಿಗೆಯಲ್ಲಿದ್ದರು. ಹೊಸ ವರ್ಷಕ್ಕೆ ಯಾರೂ ಅರ್ಜಿ ಹಾಕಲಿಲ್ಲ. ದೀಪಾವಳಿಗೆ ಮುಂಚೆ ಮನೆಯ ಮಾಲೀಕರು ಜಾಗ ಖಾಲಿ ಮಾಡಿ ಎಂದರು. ಚಾಚಾನ ಚಿತ್ರಗಳನ್ನು ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದು ಒಯ್ದರು. ಈಸೆಲ್ಲುಗಳು ಎಲ್ಲಿಗೆ ಹೋದವೋ. ಮರಳಿ ಬಂದ ನಮ್ಮ ಪರೀಕ್ಷೆಯ ಕ್ಯಾನ್ವಾಸುಗಳನ್ನು ಸಿದ್ಧಾರ್ಥ ಬಟ್ಟೆ ಸುತ್ತಿ ತನ್ನೂರಿಗೆ ಹೊತ್ತುಕೊಂಡು ಹೋದ. ಶಾಲೆ ಮುಚ್ಚಿತು ಎಂದು ಯಾರೂ ಹೇಳಲಿಲ್ಲ; ಬೀಗ ಹಾಕಿದವರು ಮತ್ತೆ ತೆಗೆಯಲಿಲ್ಲ, ಅಷ್ಟೇ. ಈಗ ಅಲ್ಲಿ ಪರೀಕ್ಷೆಗಳಿಗೆ ತಯಾರು ಮಾಡುವ ಕೋಚಿಂಗ್ ಕ್ಲಾಸಿದೆ. ಬೇವಿನ ಮರದ ಕೆಳಗೆ ಸ್ಕೂಟಿಗಳು ನಿಲ್ಲುತ್ತವೆ. ಕೆಲವು ವರ್ಷಗಳ ಮೇಲೆ ಅಪರೂಪಕ್ಕೆ ಡ್ರಾಯಿಂಗ್ ಟೀಚರ್ ಹುದ್ದೆಗೆ ಕರೆದಾಗ ನನಗೆ ಕೆಲಸ ಸಿಕ್ಕಿತು. ಯಾವ ಅಂಕದಿಂದ ಸಿಕ್ಕಿತು ಎಂದು ಲೆಕ್ಕ ಹಾಕಲು ನಾನು ಹೋಗಲಿಲ್ಲ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡೇ ಸಿದ್ಧಾರ್ಥ ಅವತ್ತು ಅಟ್ಟದಿಂದ ಗಂಟು ಇಳಿಸಿದ. ಬಟ್ಟೆ ಬಿಚ್ಚಿ ಮೂರನ್ನೂ ಪ್ರಿಂಟಿಂಗ್ ಮಷಿನ್ನಿಗೆ ಒರಗಿಸಿ ನಿಲ್ಲಿಸಿದೆವು. ನಾವು ಮೂವರು ಮೂರು ಕಡೆಯಿಂದ ಕುಳಿತು ಬರೆದದ್ದು. ಒಂದು ಎದುರಿನಿಂದ, ಒಂದು ತುಸು ಎಡದಿಂದ, ಒಂದು ತುಸು ಬಲದಿಂದ. ಮೂರರಲ್ಲೂ ಬಾಯಿ ಅಷ್ಟೇ ಇಳಿದಿತ್ತು. ಮೂರರಲ್ಲೂ ತೊಡೆಯ ಮೇಲೆ ಒರೆಸಿದ ಕೈಯ ಮಸುಕು ಕಾಣುತ್ತಿತ್ತು. ನಾನೊಬ್ಬಳೇ ಅಲ್ಲ ಎಂದು ಸಮಾಧಾನವಾಗಬಹುದು ಎಂದುಕೊಂಡಿದ್ದೆ.

"ಕಾಕೂಗ ಹೇಳ್ತೀನಿ" ಎಂದೆ.

ಕಾಕೂ ಎಂದರೆ ಸರ್ ಹೆಂಡತಿ ಶಾಂತಾಬಾಯಿ. ನಾವೆಲ್ಲ ಅವರನ್ನು ಹಾಗೆಯೇ ಕರೆಯುವುದು.

ಸಿದ್ಧಾರ್ಥ ಬಿಚ್ಚಿದ ಬಟ್ಟೆಯನ್ನು ಮಡಚತೊಡಗಿದ. "ಈಗ ಹೇಳಿ ಏನ್ ಬರ್ತದ ನಸ್ರೀನ? ಅವರಿಗೊಂದು ಸಮಾಧಾನ ಅದ, ಅದೂ ತೆಗೀತೀಯೇನು? ಅವತ್ತು ‘ಈಗ’ ಅಂದಾವ ನಾನು. ಬೈಸ್ಕೊಳ್ಳೋದಿದ್ರ ನಾನು ಬೈಸ್ಕೊಬೇಕು."

"ನೀ ಅಂದಿ. ನಾ ಸುಮ್ಮ ನಿಂತೆ."

ಅವನು ನನ್ನ ಕ್ಯಾನ್ವಾಸನ್ನು ಒಂದು ಹಳೆಯ ಫ್ಲೆಕ್ಸಿನಲ್ಲಿ ಸುತ್ತಿ ಕಟ್ಟಿಕೊಟ್ಟ. ಯಾರದೋ ಹುಟ್ಟುಹಬ್ಬದ ಶುಭಾಶಯ ಹೊರಗೆ ಕಾಣುತ್ತಿತ್ತು. ಬಸ್ಸಿನಲ್ಲಿ ಪಕ್ಕದವಳು ಅದನ್ನು ಓದುತ್ತ ಕುಳಿತಳು.

ಕಲಬುರಗಿಯಲ್ಲಿ ಸರ್ ಮನೆಗೆ ನಾನು ಹೊಸಬಳಲ್ಲ. ಪ್ರತಿ ರಂಜಾನಿಗೆ ಹಾಲು ಶಾವಿಗೆಯ ಸುರಕುಂಬಾ ಒಯ್ಯುತ್ತೇನೆ. ಸರ್ ಕಿಟಕಿಯ ಪಕ್ಕ ಕುರ್ಚಿಯಲ್ಲಿರುತ್ತಾರೆ, ಕಾಕೂ ಚಮಚದಿಂದ ಎರಡು ಗುಟುಕು ಹಾಕುತ್ತಾರೆ. ಆಗ ಮನೆಗೆ ಯಾರೇ ಬಂದಿರಲಿ, ಪಕ್ಕದ ಮನೆಯವರು, ಸಂಬಂಧಿಕರು, ಸಿಲಿಂಡರ್ ತಂದವನೇ ಇರಲಿ, ಕಾಕೂ ನನ್ನ ಬೆನ್ನ ಮೇಲೆ ಕೈಯಿಟ್ಟು ಒಂದೇ ಮಾತು ಹೇಳುತ್ತಿದ್ದರು: "ಇಕಿನೇ ನೋಡ್ರಿ, ನಮ್ಮವರ ಜೀವ ಉಳಿಸಿದಾಕಿ. ಕೂಡ್ಲೆ ಒಯ್ದಳಂತ ಇವತ್ತು ನನ್ನ ಕುಂಕುಮ ಉಳದದ." ಹನ್ನೊಂದು ವರ್ಷ ಆ ಕೈಯ ಕೆಳಗೆ ನಿಂತಿದ್ದೇನೆ. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಅವತ್ತು ಹಬ್ಬವಲ್ಲದ ದಿನ ಬಂದದ್ದಕ್ಕೆ ಕಾಕೂಗೆ ಖುಷಿಯಾಯಿತು. ಕ್ಯಾನ್ವಾಸು ಬಿಚ್ಚಿದಾಗ ಸೆರಗಿನಿಂದ ಕೈ ಒರೆಸಿಕೊಂಡು ಹತ್ತಿರ ಬಂದು ನೋಡಿದರು.

"ಯವ್ವಾ, ಸಾಕ್ಷಾತ್ ಅವರೇ ಕುಂತಂಗದ! ಈಗಿನ ಮುಖಾನೇ ಬಂದದಲ್ಲ. ಇದು ಯಾವಾಗ ಬರದಿ? ಇಲ್ಲಿ ಬಂದಾಗ ನೋಡ್ಕೊಂಡು ಹೋಗಿ ಬರದೀಯೇನು?"

"ಇಲ್ಲ ಕಾಕೂ. ಜಡ್ಡಾದ ಮ್ಯಾಲ ಬರದದ್ದಲ್ಲ. ಅವತ್ತೇ ಬರದದ್ದು. ಪರೀಕ್ಷಾದಾಗ."

ಅವರಿಗೆ ತಿಳಿಯಲಿಲ್ಲ. ನಗುತ್ತಲೇ ಇದ್ದರು. ನಾನು ಕ್ಯಾನ್ವಾಸು ತಿರುಗಿಸಿ ಹಿಂದೆ ಬರೆದ ತಾರೀಖು ತೋರಿಸಿದೆ. ಆಮೇಲೆ ಎಲ್ಲ ಹೇಳಿದೆ. ತುಟಿ, ರೆಪ್ಪೆ, ಕೈ. ಒರೆಸಿದ್ದು, ತಿದ್ದಿದ್ದು. ಡಾಕ್ಟರು ಕೇಳಿದ್ದು, ನಾವು ಅಂದದ್ದು. ಪಾಠ ಒಪ್ಪಿಸಿದ ಹಾಗೆ ಹೇಳಿದೆ.

"ಎಷ್ಟ್ ಹೊತ್ತು?" ಎಂದರು ಕಾಕೂ.

"ಒಂದು ತಾಸಿನ ಮ್ಯಾಲ."

"ನೋಡ್ಕೋತ ಕುಂತಿದ್ರಿ."

"ಹೂಂ ಕಾಕೂ."

ಅವರು ಸರ್ ಕಡೆ ತಿರುಗಿದರು. ಸರ್ ತಲೆ ಸ್ವಲ್ಪ ವಾರೆ ಮಾಡಿ ಚಿತ್ರ ನೋಡುತ್ತಿದ್ದರು. ಅವರಿಗೆ ಎಷ್ಟು ಅರ್ಥವಾಯಿತೋ ನನಗೆ ತಿಳಿಯಲಿಲ್ಲ. ಕಾಕೂ ಬೈಯಲಿಲ್ಲ, ಅಳಲೂ ಇಲ್ಲ. ಸರ್ ಗದ್ದದ ಮೇಲಿನ ಜೊಲ್ಲನ್ನು ಟವೆಲಿನಿಂದ ಒರೆಸಿದರು, ಟವೆಲು ಮಡಚಿದರು, ಮತ್ತೆ ಬಿಚ್ಚಿ ಮಡಚಿದರು. ಬೈಯಲಿ ಎಂದು ನಾನು ನಿಂತೇ ಇದ್ದೆ.

ಅಷ್ಟರಲ್ಲಿ ಗೇಟು ಸದ್ದಾಯಿತು. ಸರ್‌ಗೆ ಕೈಕಾಲಿನ ವ್ಯಾಯಾಮ ಮಾಡಿಸಲು ಬರುವ ಹೆಣ್ಣುಮಗಳು. ಹೊಸಬಳು, ನನ್ನನ್ನು ನೋಡಿರಲಿಲ್ಲ. ಚಪ್ಪಲಿ ಬಿಡುತ್ತ ನಕ್ಕು, "ಇವರು ಯಾರ್ರೀ ಅಮ್ಮಾ?" ಎಂದು ಕೇಳಿದಳು.

ಕಾಕೂ ನನ್ನ ಕಡೆ ನೋಡಲಿಲ್ಲ.

"ಇಕೀನಾ? ಸರ್ ಕಡೆ ಕಲ್ತಾಕಿ" ಎಂದರು.

ಮುಂದಿನ ಮಾತಿಗೆ ನಾನು ಕಾದೆ. ಬೆನ್ನು ಕೂಡ ಅವರ ಕೈಗಾಗಿ ಕಾಯುತ್ತಿತ್ತು. ಕಾಕೂ ಟವೆಲು ತೆಗೆದುಕೊಂಡು ಒಳಗೆ ಹೋದರು.